ಶಾಲು ಹೊದಿಸಿದ ಮಾರನೆ ದಿನ

ಮೆರವಣಿಗೆ ಬೇಡ ಅಂತ ನಾನು ಹೇಳುತ್ತಿಲ್ಲ ಕಣ್ರಪ್ಪ. ಹದಿನೇಳೋ ಇಪ್ಪತ್ತೋ ವರ್ಷ ಸೇನೆಯಲ್ಲಿ ದುಡಿದು ಊರಿಗೆ ಬಂದವನನ್ನು ತೆರೆದ ಜೀಪಿನಲ್ಲಿ ನಿಲ್ಲಿಸಿ, ತಮಟೆ ಬಡಿಸಿ, ಹೂವು ಎರಚಿ, ಊರಬಾಗಿಲಿನಿಂದ ಮನೆತನಕ ಕರೆತರುವ ಪದ್ಧತಿ ಈಚೆಗೆ ನಮ್ಮ ದೊಡ್ಡಬಳ್ಳಾಪುರ, ನೆಲಮಂಗಲದ ಕಡೆಗೂ ಬಂದಿದೆ. ಒಳ್ಳೆಯದೇ. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿರುವ ಅವನ ತಾಯಿಗೋಸ್ಕರವಾದರೂ ಆಗಲಿ. ಆಗಸ್ಟ್ 15ಕ್ಕೆ ಶಾಲೆಯಲ್ಲಿ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಅದೂ ಆಗಲಿ. ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ಫ್ಲೆಕ್ಸ್ ಕಟ್ಟುತ್ತೀರಿ. ಅದರಲ್ಲಿ ಯೋಧರ ಮುಖಕ್ಕಿಂತ ನಿಮ್ಮ ಯುವಕ ಸಂಘದ ಪದಾಧಿಕಾರಿಗಳ ಮುಖಗಳೇ ದೊಡ್ಡದಾಗಿರುತ್ತವೆ. ಅದನ್ನು ಒಂಚೂರು ಚಿಕ್ಕದು ಮಾಡಿದರೆ ನನ್ನದೇನೂ ತಕರಾರಿಲ್ಲ.

ನಾನು ಹೇಳಬೇಕೆಂದಿರುವುದು ಮಾರನೆ ದಿನದ ವಿಚಾರ. ಹಾರ ಬಾಡುತ್ತದೆ, ಜೀಪು ಬಾಡಿಗೆಯವನು ತೆಗೆದುಕೊಂಡು ಹೋಗುತ್ತಾನೆ. ಬೆಳಿಗ್ಗೆ ಎದ್ದು ಅವನು ಟೀ ಅಂಗಡಿಗೆ ಬಂದರೆ ಬೆಂಚಿನ ಮೇಲೆ ಕೂತವರಲ್ಲಿ ಅರ್ಧ ಜನ ಅವನಿಗೆ ಗೊತ್ತಿಲ್ಲ, ಇನ್ನರ್ಧ ಜನಕ್ಕೆ ಅವನ ಜೊತೆ ಏನು ಮಾತಾಡಬೇಕೋ ಗೊತ್ತಿಲ್ಲ. ಆಮೇಲೆ ಯಾರೋ ಒಬ್ಬ ಹಲ್ಲು ಕಿರಿದು ಕೇಳುತ್ತಾನೆ: "ಅಣ್ಣಾ, ಕ್ಯಾಂಟೀನ್ ಕಾರ್ಡ್ ಇದೆಯಲ್ಲ, ಒಂದು ರಮ್ ಬಾಟ್ಲಿ ಸಿಗುತ್ತಾ?" ದೇಶ ಕಾದವನ ಜೊತೆ ನಮ್ಮೂರು ಆಡುವ ಮೊದಲನೆಯ ಮಾತು ಎಷ್ಟೋ ಸಲ ಇದೇ.

ನಾನು ಹಳ್ಳಿಯ ಅಂಚೆ ಕಚೇರಿಯಲ್ಲಿ ಆಯುಸ್ಸು ಸವೆಸಿದವನು. ಸೇನೆ ಅಂದರೆ ಬಂದೂಕಿಗಿಂತ ಮೊದಲು ನನಗೆ ನೆನಪಾಗುವುದು ಒಂದು ವಿಳಾಸ: ಕೇರ್ ಆಫ್ 56 ಎಪಿಓ, ಇಲ್ಲವೇ 99 ಎಪಿಓ. ಎಪಿಓ ಅಂದರೆ ಸೇನೆಯ ಅಂಚೆ ಕಚೇರಿ. ಹುಡುಗ ಲೇಹ್‌ನಲ್ಲಿದ್ದಾನೋ ನಾಗಾಲ್ಯಾಂಡಿನಲ್ಲಿದ್ದಾನೋ ಕಾಗದ ಬರೆಸಿದ ತಾಯಿಗೂ ತಿಳಿಯದು, ಮುದ್ರೆ ಒತ್ತಿದ ನನಗೂ ತಿಳಿಯದು. ಚೌಕಾಕಾರದ ಪಾರ್ಸಲ್ ಬರುತ್ತಿತ್ತು. ಹಳೆಯ ಪಂಚೆಯ ಬಟ್ಟೆ ಸುತ್ತಿ, ದಬ್ಬಳದಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ. ಒಳಗೆ ರಾಗಿ ಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ. ತೂಕ ಹಾಕಿದ ಮೇಲೆ ನನ್ನ ತಕ್ಕಡಿಯ ಮೇಲೆ ಒಂದು ಗೆರೆ ಹಿಟ್ಟು ಉಳಿದಿರುತ್ತಿತ್ತು. ಆ ಕಡೆಯಿಂದ ಮನಿಆರ್ಡರ್ ಬರುತ್ತಿತ್ತು. ಫಾರಮ್ಮಿನ ಕೆಳತುದಿಯ ಚೂರು ಜಾಗದಲ್ಲಿ ಇರುವೆ ಸಾಲಿನಂಥ ಅಕ್ಷರ: ಅವ್ವನಿಗೆ ಔಷಧಿ ಇಷ್ಟು, ತಮ್ಮನ ಫೀಸು ಇಷ್ಟು, ಬೋರ್‌ವೆಲ್ ಸಾಲಕ್ಕೆ ಇಷ್ಟು. ಆ ದುಡ್ಡಿನಲ್ಲಿ ಓದಿದ ತಮ್ಮಂದಿರು ಈಗ ಬೆಂಗಳೂರಲ್ಲಿ ಸ್ವಂತ ಮನೆ ಕಟ್ಟಿದ್ದಾರೆ. ಅಣ್ಣ ಹಿಂದಿರುಗಿದಾಗ ಅವನಿಗೆ ಸಿಕ್ಕಿದ್ದು ಹೊಲದ ಮೂಲೆಯ ಕಲ್ಲುಬಂಡೆ ಪಾಲು. ಎಲ್ಲ ಮನೆಯಲ್ಲೂ ಹೀಗೇ ಅಂತಲ್ಲ. ಆದರೆ ನೋಡಿದ್ದೇನೆ.

ಸೈನಿಕ ದೇಶಕ್ಕೆ ಕೊಟ್ಟದ್ದೇನು ಅಂದರೆ ಪ್ರಾಣ, ರಕ್ತ, ತ್ಯಾಗ ಅಂತ ಭಾಷಣದಲ್ಲಿ ಹೇಳುತ್ತೀರಿ. ಬದುಕಿ ಬಂದವನು ಕೊಟ್ಟದ್ದು ತನ್ನ ಊರನ್ನು. 2005ರಲ್ಲಿ ಸೇನೆಗೆ ಸೇರಿದ ದೇವನಹಳ್ಳಿ ಕಡೆಯ ಹುಡುಗನನ್ನೇ ತೆಗೆದುಕೊಳ್ಳಿ. ಅವನು ಹೊರಟಾಗ ಸುತ್ತ ರಾಗಿ ಹೊಲ, ದ್ರಾಕ್ಷಿ ತೋಟ, ಮನೆ ಹಿತ್ತಲಲ್ಲಿ ಚಕ್ಕೋತ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಹೊಲಗಳು ಲೇಔಟ್ ಆದವು, ಕೆಲವು ಕಡೆ ಸ್ವಾಧೀನದ ನೋಟಿಸ್ ಬಂತು, ಎಕರೆ ಬೆಲೆ ಲಕ್ಷದಿಂದ ಕೋಟಿಗೆ ಜಿಗಿಯಿತು. ಇದಷ್ಟೂ ನಡೆದಾಗ ಅವನು ಊರಲ್ಲಿರಲಿಲ್ಲ. ವರ್ಷಕ್ಕೆ ಎರಡು ಮೂರು ತಿಂಗಳ ರಜೆ, ಅದರಲ್ಲೇ ಮದುವೆ, ಮಗುವಿನ ನಾಮಕರಣ, ಅಪ್ಪನ ತಿಥಿ. ಹಿಮದಲ್ಲಿ ಹದಿನೆಂಟು ಸಾವಿರ ಅಡಿ ಎತ್ತರದಲ್ಲಿ ಸ್ಟೋವ್ ಹತ್ತಿಸುವುದು ಅವನಿಗೆ ಗೊತ್ತು. ಪೌತಿ ಖಾತೆಗೆ ಎಲ್ಲಿ ಅರ್ಜಿ ಕೊಡಬೇಕು, ಪೋಡಿ ಆಗದ ಜಮೀನಿಗೆ ಏನು ಮಾಡಬೇಕು, ಇ-ಖಾತಾ ಅಂದರೇನು, ಯಾವ ಕಾಗದಕ್ಕೆ ಯಾವ ಕಿಟಕಿ ಎಂಬುದು ಗೊತ್ತಿಲ್ಲ. ನಿಮಗೆ ಗೊತ್ತು. ನಿಮ್ಮ ಗೌರವ ಶುರುವಾಗಬೇಕಾದ್ದು ಇಲ್ಲಿಂದ. ಒಂದು ದಿನ ರಜೆ ಹಾಕಿ ಅವನನ್ನು ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋಗಿ. ಸರ್ವೆ ನಂಬರಿಗೆ ಪಹಣಿ ತೆಗೆಸಿ, ಚೆಕ್ಕುಬಂದಿ ಓದಿ ಹೇಳಿ. ಭಾಗಪತ್ರಕ್ಕೆ ಸಹಿ ಹಾಕು ಅಂತ ಮನೆಯವರು ಅವಸರ ಮಾಡುತ್ತಿದ್ದರೆ, ಒಂದು ಸಲ ವಕೀಲರಿಗೆ ತೋರಿಸೋಣ ಅಣ್ಣ ಅಂತ ಹೇಳುವ ಧೈರ್ಯ ಮಾಡಿ.

ಈ ವಿಚಾರದಲ್ಲಿ ನಮ್ಮ ಹಿಂದಿನವರು ನಮಗಿಂತ ಜಾಣರು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450ರದ್ದು, ಯಾವ ವಿಚಾರಕ್ಕೆ ಬರೆದದ್ದು ಹೇಳಿ? ಪಠ್ಯಪುಸ್ತಕದಲ್ಲಿ ಇಸವಿ ಬಾಯಿಪಾಠ ಮಾಡಿರುತ್ತೀರಿ, ಒಳಗೇನಿದೆ ಅಂತ ಯಾರೂ ಹೇಳಿರುವುದಿಲ್ಲ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಅರಸ ಎಂಬುವನಿಗೆ ಎರಡು ಊರು ಬಿಟ್ಟುಕೊಟ್ಟ ದಾಖಲೆ ಅದು. ನಮ್ಮ ಪಕ್ಕದ ಹೆಬ್ಬಾಳದಲ್ಲಿ ಕಿತ್ತಯ್ಯನ ವೀರಗಲ್ಲಿದೆ, ಕ್ರಿ.ಶ. 750ರ ಸುಮಾರಿನದು. ಬೇಗೂರಿನಲ್ಲಿ 'ಬೆಂಗಳೂರು ಕಾಳಗ'ದ ಕಲ್ಲಿದೆ, 890ರ ಆಸುಪಾಸಿನದು. ಸತ್ತವನಿಗೆ ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ ಆಗಿನವರು. ಅವನ ಮನೆಯವರಿಗೆ ನೆತ್ತರುಗೊಡಗೆ ಅಂತ ಭೂಮಿ ಬಿಡುತ್ತಿದ್ದರು. ಮನೆಯ ಒಲೆ ಉರಿಯಬೇಕಲ್ಲ. ಈಗಲೂ 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಒಂದು ಪಾಲು ಇಟ್ಟಿದ್ದಾರೆ. ಆದರೆ ವಿಮಾನ ಇಳಿಯುವ ಈ ಜಿಲ್ಲೆಯಲ್ಲಿ ಮಂಜೂರು ಮಾಡಲು ಸರ್ಕಾರಿ ಜಮೀನು ಎಲ್ಲಿ ಉಳಿದಿದೆ? ಅರ್ಜಿ ಹಾಕಿ ಕಾದವರ ಕೂದಲು ನೆರೆತಿದೆ. ಅದು ನಿಮ್ಮ ಕೈಯಲ್ಲಿ ಇಲ್ಲ, ಬಿಡಿ.

ನಿಮ್ಮ ಕೈಯಲ್ಲಿರುವುದು ಒಂದು ಫೈಲು. ರಟ್ಟಿನ ಫೈಲು, ಇಪ್ಪತ್ತು ರೂಪಾಯಿಯದು. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿವೃತ್ತ ಸೈನಿಕನ ಪಿಂಚಣಿ ಈಗ ಬಹುಪಾಲು 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಯಿಂದ ಬರುತ್ತದೆ. ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆ ಅಂತ ಜೀವನ ಪ್ರಮಾಣಪತ್ರ ಕೊಡಬೇಕು, ಹೆಚ್ಚಿನವರಿಗೆ ಅದು ನವೆಂಬರ್ ತಿಂಗಳ ಕೆಲಸ. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. 1971ರ ಯುದ್ಧ ಕಂಡವರಿಗೆ ಈಗ ಎಪ್ಪತ್ತು ದಾಟಿದೆ. ಅವರಿಗೆ ಪಾಸ್‌ವರ್ಡು, ಓಟಿಪಿ ಅಂದರೆ ತಲೆನೋವು. ಮಣ್ಣಿನಲ್ಲಿ ದುಡಿದ ಬೆರಳುಗಳ ಗೆರೆ ಸವೆದು ಯಂತ್ರ ಒಪ್ಪುವುದಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿಯೇ ಮಾಡುವ ದಾರಿ ಇದೆ, ಅಂಚೆಯವನು ಮನೆಗೇ ಬಂದು ಮಾಡಿಕೊಡುವ ಸೇವೆಯೂ 2020ರಿಂದ ಇದೆ. ನವೆಂಬರ್ ಮೊದಲ ಭಾನುವಾರ ನಿಮ್ಮ ಊರಿನ ಇಂಥವರ ಮನೆಗೆ ಹೋಗಿ ಕೂತು ಇದನ್ನು ಮುಗಿಸಿ. ಹತ್ತು ನಿಮಿಷದ ಕೆಲಸ. ಅವರ ಓಟಿಪಿಯನ್ನು ಅವರ ಕೈಯಲ್ಲೇ ಒತ್ತಿಸಿ, ನಿಮ್ಮ ಫೋನಿನಲ್ಲಿ ಉಳಿಸಿಕೊಳ್ಳಬೇಡಿ. ಪಿಂಚಣಿ ಕಚೇರಿಯಿಂದ ಮಾತಾಡ್ತಿದ್ದೀವಿ ಅಂತ ಫೋನು ಮಾಡಿ ದುಡ್ಡು ಎಗರಿಸುವವರು ಹೆಚ್ಚಾಗಿದ್ದಾರೆ, ಅದನ್ನೂ ಬಿಡಿಸಿ ಹೇಳಿ.

ಇನ್ನು ಫೈಲಿನೊಳಗೆ: ಪಿಪಿಓ ಅನ್ನುವ ಪಿಂಚಣಿ ಆದೇಶ, ಡಿಸ್ಚಾರ್ಜ್ ಬುಕ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಇಸಿಎಚ್‌ಎಸ್ ಕಾರ್ಡು, ಗಂಡಹೆಂಡಿರು ಜೊತೆಗಿರುವ ಫೋಟೋ. ಎಲ್ಲದರಲ್ಲೂ ಹೆಂಡತಿಯ ಹೆಸರು ಮತ್ತು ಹುಟ್ಟಿದ ತಾರೀಖು ಒಂದೇ ಇದೆಯೋ ನೋಡಿ. ಇರುವುದಿಲ್ಲ! ನಮ್ಮ ಕಡೆ ಮುನಿಯಮ್ಮ ಅಂತ ಹೆಸರಿದ್ದರೆ, ಎಲ್ಲೋ ಉತ್ತರದ ರೆಕಾರ್ಡ್ ಆಫೀಸಿನ ಗುಮಾಸ್ತ ಅದನ್ನು ಮುನ್ನಿ ಅಮ್ಮಾ ಅಂತ ಬರೆದುಕೊಂಡಿರುತ್ತಾನೆ. ಆಧಾರಿನಲ್ಲಿ ಮುನಿಯಮ್ಮ ಕೆ., ಪಾಸ್‌ಬುಕ್ಕಿನಲ್ಲಿ ಮದುವೆಯಾದ ಮೇಲೆ ಅತ್ತೆ ಇಟ್ಟ ಲಕ್ಷ್ಮಮ್ಮ. ಗಂಡ ಬದುಕಿರುವತನಕ ಯಾರಿಗೂ ಇದು ಲೆಕ್ಕಕ್ಕಿಲ್ಲ. ಅವನು ಕಣ್ಣು ಮುಚ್ಚಿದ ಮಾರನೆ ತಿಂಗಳು ಪಿಂಚಣಿ ನಿಲ್ಲುತ್ತದೆ, ಕುಟುಂಬ ಪಿಂಚಣಿ ಶುರುವಾಗಬೇಕಾದರೆ ಈ ಮೂವರು ಹೆಂಗಸರು ಒಬ್ಬಳೇ ಅಂತ ಸಾಬೀತು ಮಾಡಬೇಕು. ಹದಿಮೂರನೆಯ ದಿನದ ಕಾರ್ಯ ಮುಗಿಸಿ ಕುಂಕುಮವಿಲ್ಲದ ಹಣೆಯಲ್ಲಿ ಆಕೆ ಅಫಿಡವಿಟ್ಟಿಗೆ ನೋಟರಿ ಹುಡುಕಿಕೊಂಡು ಬಸ್ಸು ಹತ್ತುವುದನ್ನು ಕಂಡವನು ನಾನು. ಗಂಡನಿಗೆ ಶಾಲು ಹೊದಿಸಿದ ಗೌರವ ಕೌಂಟರಿನ ತನಕ ಅವಳ ಜೊತೆ ಬರುವುದಿಲ್ಲ. ಗಂಡ ಬದುಕಿರುವಾಗಲೇ, ಅವನ ಸಹಿ ನಡೆಯುವಾಗಲೇ, ರೆಕಾರ್ಡ್ ಆಫೀಸಿಗೆ ಬರೆದು ಹೆಸರು ತಿದ್ದಿಸಿಬಿಡಿ. ನೂರು ಶಾಲಿಗೆ ಸಮ ಅದು.

ಇಸಿಎಚ್‌ಎಸ್ ವಿಚಾರ ಬಂತಲ್ಲ. 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಅದು, ಬಹಳ ಉಪಕಾರದ್ದು. ಆದರೆ ಸಾಮಾನ್ಯವಾಗಿ ಮೊದಲು ಪಾಲಿಕ್ಲಿನಿಕ್ಕಿಗೆ ಹೋಗಬೇಕು, ಅಲ್ಲಿಂದ ಚೀಟಿ ಪಡೆದು ಆಸ್ಪತ್ರೆಗೆ ಹೋಗಬೇಕು. ಹೊಸಕೋಟೆಯ ಆಚೆಯ ಹಳ್ಳಿಯಿಂದ ಮಂಡಿನೋವಿನ ಮುದುಕರು ಎರಡು ಬಸ್ಸು ಬದಲಿಸಿ ಬೆಂಗಳೂರಿಗೆ ಹೋಗಿ ಬರುವುದರಲ್ಲಿ ದಿನ ಕಳೆಯುತ್ತದೆ. ನಿಮ್ಮಲ್ಲಿ ದಿನಾ ವೈಟ್‌ಫೀಲ್ಡಿಗೋ ಯಲಹಂಕಕ್ಕೋ ಕಾರಿನಲ್ಲಿ ಒಬ್ಬೊಬ್ಬರೇ ಹೋಗುವವರಿದ್ದೀರಿ. ಹಿಂದಿನ ಸೀಟು ಖಾಲಿ ಇರುತ್ತದೆ.

ಪಿಂಚಣಿಯೇ ಇಲ್ಲದವರೂ ಇದ್ದಾರೆ, ಇದು ನಿಮಗೆ ಗೊತ್ತಿರಲಿಕ್ಕಿಲ್ಲ. ಜವಾನನಿಗೆ ಪಿಂಚಣಿ ಬರಬೇಕಾದರೆ ಸಾಮಾನ್ಯವಾಗಿ ಹದಿನೈದು ವರ್ಷದ ಸೇವೆ ಆಗಿರಬೇಕು. ಅಷ್ಟರೊಳಗೆ ಮನೆ ತಾಪತ್ರಯಕ್ಕೋ ಬೇರೆ ಕಾರಣಕ್ಕೋ ಬಿಟ್ಟು ಬಂದವರು ಬರಿಗೈಯಲ್ಲಿ ಮುದುಕರಾಗಿದ್ದಾರೆ. ಅರವತ್ತೈದು ದಾಟಿದ, ಹವಾಲ್ದಾರ್ ದರ್ಜೆಯವರೆಗಿನ ಇಂಥವರಿಗೆ ಕೇಂದ್ರೀಯ ಸೈನಿಕ ಮಂಡಳಿ ತಿಂಗಳಿಗೆ ಇಷ್ಟು ಅಂತ ನೆರವು ಕೊಡುತ್ತದೆ. 4,000 ರೂಪಾಯಿ ಇದ್ದದ್ದನ್ನು 2025ರ ನವೆಂಬರ್ 1ರಿಂದ 8,000ಕ್ಕೆ ಏರಿಸಿದ್ದಾರೆ. ಅರ್ಜಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಹೋಗಬೇಕು. ದುಡ್ಡು ಬರುವುದು ಧ್ವಜ ನಿಧಿಯಿಂದ. ಡಿಸೆಂಬರ್ 7ಕ್ಕೆ ಶಾಲೆಯಲ್ಲಿ ಕೆಂಪು, ಕಡುನೀಲಿ, ತಿಳಿನೀಲಿಯ ಪುಟ್ಟ ಬಾವುಟ ಕೊಟ್ಟು ದುಡ್ಡು ಎತ್ತುತ್ತಿದ್ದರಲ್ಲ, 1949ರಿಂದ ನಡೆದು ಬಂದ ಆ ನಿಧಿಯೇ. ನೀವು ಹುಡುಗರಾಗಿದ್ದಾಗ ಅಂಗಿಗೆ ಅಂಟಿಸಿಕೊಂಡದ್ದು ಯಾವ ಮುದುಕನ ಅಕ್ಕಿಗೆ ಹೋಯಿತೋ! ನಿಮ್ಮ ಊರಲ್ಲಿ ಅಂಥವರು ಯಾರಿದ್ದಾರೆ ಅಂತ ವಿಚಾರಿಸಿ. ಅವರಾಗಿ ಕೇಳುವುದಿಲ್ಲ. ಬೇಡುವುದು ಅವರಿಗೆ ರೂಢಿಯಿಲ್ಲ.

ಇನ್ನೊಂದು ತಪ್ಪು ಕಲ್ಪನೆ, ಮಾಜಿ ಸೈನಿಕ ಅಂದರೆ ಬಿಳಿ ಮೀಸೆಯ ತಾತ ಅಂತ. ಬಹಳಷ್ಟು ಜವಾನರು ನಲವತ್ತರೊಳಗೆ ಮನೆಗೆ ಬರುತ್ತಾರೆ. ಮಕ್ಕಳು ಇನ್ನೂ ಹೈಸ್ಕೂಲು, ಮನೆ ಸಾಲ ಅರ್ಧ. ಅವರನ್ನು ನೀವು ದಿನಾ ನೋಡುತ್ತೀರಿ, ಗುರುತಿಸುವುದಿಲ್ಲ. ದಾಬಸ್‌ಪೇಟೆ ಕಾರ್ಖಾನೆಯ ಗೇಟಿನಲ್ಲಿ, ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕಿನಲ್ಲಿ, ಹೊಸಕೋಟೆಯ ಗೋದಾಮಿನ ಮುಂದೆ, ನೀವಿರುವ ಅಪಾರ್ಟ್‌ಮೆಂಟಿನ ಬೂತಿನಲ್ಲಿ. 'ಏಯ್ ಸೆಕ್ಯೂರಿಟಿ' ಅಂತ ಕೂಗುತ್ತೀರಲ್ಲ, ಅವರೇ. ಗೇಟು ಕಾಯುವ ಕೆಲಸ ಕೀಳು ಅಂತ ನಾನೆನ್ನುವುದಿಲ್ಲ. ಆದರೆ ಸೇನೆಯ ಸಾಗಾಟ ವಿಭಾಗ ಎಎಸ್‌ಸಿಯಲ್ಲಿ ಹತ್ತು ಟನ್ನಿನ ಲಾರಿಯನ್ನು ಜೋಜಿಲಾ ಕಣಿವೆಯಲ್ಲಿ ಓಡಿಸಿದವನು, ಯಂತ್ರ ದುರಸ್ತಿ ವಿಭಾಗ ಇಎಂಇಯಲ್ಲಿ ಟ್ಯಾಂಕಿನ ಇಂಜಿನ್ ಬಿಚ್ಚಿ ಜೋಡಿಸಿದವನು, ಸಿಗ್ನಲ್ಸ್‌ನಲ್ಲಿ ಕೇಬಲ್ ಎಳೆದವನು, ಸೇನಾ ಆಸ್ಪತ್ರೆಯಲ್ಲಿ ನರ್ಸಿಂಗ್ ಮಾಡಿದವನು, ಎಲ್ಲರೂ ಬಯೋಡೇಟಾದಲ್ಲಿ 'ಎಕ್ಸ್ ಸರ್ವಿಸ್‌ಮನ್' ಅಂತ ಒಂದೇ ಪದ ಬರೆದು ಗೇಟಿಗೆ ಬಂದು ನಿಲ್ಲುತ್ತಾರೆ. ಆ ಕೆಲಸಕ್ಕೆ ಕಂಪನಿ ಭಾಷೆಯಲ್ಲಿ ಏನನ್ನುತ್ತಾರೆ ಅವರಿಗೆ ತಿಳಿಯದು. ನಿಮ್ಮಲ್ಲಿ ಎಚ್‌ಆರ್ ಓದಿದವರಿದ್ದೀರಿ, ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆದವರಿದ್ದೀರಿ. ಅವನ ಪಕ್ಕ ಒಂದು ಸಂಜೆ ಕೂತು ಏನೇನು ಮಾಡಿದೆ ಅಣ್ಣ ಅಂತ ಕೇಳಿ ಬಯೋಡೇಟಾ ಬರೆದುಕೊಡಿ. ಫ್ಲೀಟ್ ಮೇಲ್ವಿಚಾರಣೆಗೋ ಮೇಂಟೆನೆನ್ಸಿಗೋ ಹೆಸರು ಸೂಚಿಸಿ. ಇದಕ್ಕೆ ಖರ್ಚು ಒಂದು ಪ್ರಿಂಟೌಟ್.

ಕೇಳುವುದಕ್ಕೂ ಒಂದು ರೀತಿ ಇದೆ. 'ಎಷ್ಟು ಜನರನ್ನ ಹೊಡೆದ್ರಿ?' ಅಂತ ಕೇಳಬೇಡಿ. ಸಿನಿಮಾ ನೋಡಿ ಬಂದ ಪ್ರಶ್ನೆ ಅದು. ರಜೆಗೆ ರೈಲಿನಲ್ಲಿ ಹೇಗೆ ಬರುತ್ತಿದ್ದಿರಿ, ಹಿಂದಿ ಹೇಗೆ ಕಲಿತಿರಿ, ಚಪಾತಿ ತಿಂದು ಬೇಜಾರಾದಾಗ ಮುದ್ದೆಗೆ ಏನು ಮಾಡುತ್ತಿದ್ದಿರಿ ಅಂತ ಕೇಳಿ ನೋಡಿ. ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಯುದ್ಧದ ವಿಚಾರ ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ, ಹೇಳದಿದ್ದರೆ ಬಿಡಿ. ಒಪ್ಪಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನೆನಪು ಉಳಿಸಲೆಂದು ಕೊಡಗಿನಲ್ಲಿ ಜನರಲ್ ತಿಮ್ಮಯ್ಯನವರ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಆ ನಾಡಿನಲ್ಲಿ ಪಕ್ಕದ ಮನೆಯಲ್ಲೂ ಒಬ್ಬ ಸೈನಿಕ ಸಿಗುತ್ತಾನೆ, ಸಂಜೆ ಕೂತು ಮಾತಾಡಲು ಜೊತೆಯಿದೆ. ನಮ್ಮ ಬಯಲುಸೀಮೆಯಲ್ಲಿ ಊರಿಗೊಂದು ಮಿಲ್ಟ್ರಿ ಮನೆ. ಆ ಒಂಟಿತನ ನಮಗೆ ಅರ್ಥವಾಗುವುದಿಲ್ಲ. ದೀಪಾವಳಿಗೆ ಅವರ ಮನೆ ಪಕ್ಕ ಸರಪಟಾಕಿ ಹಚ್ಚುವ ಮುಂಚೆ ಒಂದು ಮಾತು ಕೇಳಿ. ಕೆಲವರಿಗೆ ಆ ಸದ್ದು ಆಗಿಬರುವುದಿಲ್ಲ, ಹೇಳಿಕೊಳ್ಳಲು ನಾಚಿಕೆ.

ಕಾರ್ಯಪ್ಪನವರು 1953ರ ಜನವರಿ 14ರಂದು ನಿವೃತ್ತರಾದರು. ಶನಿವಾರಸಂತೆಯಲ್ಲಿ ಹುಟ್ಟಿ ದೇಶದ ಸೇನೆಗೆ ಮೊದಲ ಭಾರತೀಯ ಮಹಾದಂಡನಾಯಕರಾದವರು. ಅವರು ನಿವೃತ್ತರಾದ ದಿನವನ್ನೇ ಈಗ ಮಾಜಿ ಸೈನಿಕರ ದಿನ ಅಂತ ಆಚರಿಸುತ್ತಾರೆ. ನೋಡಿ, ಅದು ಸರಿಯಾಗಿ ಸಂಕ್ರಾಂತಿಯ ಹೊತ್ತಿಗೆ ಬೀಳುತ್ತದೆ. ಅವರೆಕಾಯಿ ಸುಗ್ಗಿ. ವೇದಿಕೆ, ಮೈಕು, ಮುಖ್ಯ ಅತಿಥಿ ಏನೂ ಬೇಡ. ನಿಮ್ಮ ಹೋಬಳಿಯ ಮಿಲ್ಟ್ರಿಯವರನ್ನೆಲ್ಲ ಮನೆಮಂದಿ ಸಮೇತ ಒಂದು ತೋಟಕ್ಕೆ ಕರೆದು ಮುದ್ದೆ, ಹಿತಕಿದ ಬೇಳೆ ಸಾರು ಬಡಿಸಿ. ಅವರವರೇ ಪರಿಚಯ ಮಾಡಿಕೊಳ್ಳುತ್ತಾರೆ, ನೀವು ಬಡಿಸುತ್ತಾ ಓಡಾಡಿದರೆ ಸಾಕು. ಕರೆಯುವಾಗ ಸಿಆರ್‌ಪಿಎಫ್, ಬಿಎಸ್‌ಎಫ್‌ನವರನ್ನು ಬಿಡಬೇಡಿ. ಕಾನೂನಿನ ಲೆಕ್ಕದಲ್ಲಿ ಅವರು 'ಮಾಜಿ ಸೈನಿಕ' ಅಲ್ಲ, 2004ರಿಂದೀಚೆಗೆ ಸೇರಿದವರಿಗೆ ಹಳೆಯ ಪಿಂಚಣಿಯೂ ಇಲ್ಲ. ಪುಲ್ವಾಮಾದಲ್ಲಿ 2019ರ ಫೆಬ್ರವರಿ 14ರಂದು ಪ್ರಾಣ ಕಳೆದುಕೊಂಡ ನಮ್ಮ ಮಂಡ್ಯದ ಗುಡಿಗೆರೆಯ ಎಚ್. ಗುರು ಸಿಆರ್‌ಪಿಎಫ್‌ನವರು. ಸರ್ಕಾರ ಬೇರೆ ಬೇರೆ ಕಡತ ಇಟ್ಟರೆ ಇಟ್ಟುಕೊಳ್ಳಲಿ, ಊಟದ ಪಂಕ್ತಿಯಲ್ಲಿ ಬೇಡ.

ಕೊನೆಯದಾಗಿ ನಿಮ್ಮ ವಾರಿಗೆಯವರ ವಿಚಾರ. 2022ರ ಜೂನಿನಲ್ಲಿ ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷದ ನೌಕರಿ. ನೂರರಲ್ಲಿ ಇಪ್ಪತ್ತೈದು ಜನರವರೆಗೆ ಮುಂದುವರಿಸುತ್ತಾರೆ, ಉಳಿದವರು ಸುಮಾರು 11.7 ಲಕ್ಷದ ಸೇವಾನಿಧಿ ತೆಗೆದುಕೊಂಡು ಮನೆಗೆ. ಪಿಂಚಣಿ ಇಲ್ಲ. ಮೊದಲ ತಂಡದವರು ತರಬೇತಿಗೆ ಹೋದದ್ದು 2022ರ ಕೊನೆ, 2023ರ ಜನವರಿಯ ಸುಮಾರಿಗೆ. ಅಂದರೆ 2026ರ ಕೊನೆಯಿಂದ ಅವರು ಒಬ್ಬೊಬ್ಬರಾಗಿ ಬರಲು ಶುರು ಮಾಡುತ್ತಾರೆ, ಇನ್ನೂ ಇಪ್ಪತ್ತರ ಹರೆಯದಲ್ಲೇ. ಯೋಜನೆ ಸರಿಯೋ ತಪ್ಪೋ ಅಂತ ನೀವು ಚರ್ಚೆ ಮಾಡಿಕೊಳ್ಳಿ, ನನಗೂ ನನ್ನದೇ ಅಭಿಪ್ರಾಯವಿದೆ. ಆದರೆ ಬಂದ ಹುಡುಗನನ್ನು ಬಸ್ ಸ್ಟಾಂಡಿನಲ್ಲಿ ನಿಲ್ಲಿಸಿ "ಏನ್ ಮಗಾ, ವಾಪಸ್ ಕಳಿಸಿಬಿಟ್ರಾ?" ಅಂತ ಕೇಳಿದರೆ ನನ್ನ ಕೋಲು ಇದೆ, ನೋಡಿಕೊಳ್ಳಿ. ನೀವು ಡಿಗ್ರಿ ಮಾಡಿದ ನಾಲ್ಕು ವರ್ಷ ಅವನು ಗಡಿಯಲ್ಲಿದ್ದ. ಅವನಿಗೆ ಜೀಪು, ಮೆರವಣಿಗೆ ಯಾರೂ ಮಾಡುವುದಿಲ್ಲ, ಅಷ್ಟು ಚಿಕ್ಕವನಿಗೆ ಶಾಲು ಹೊದಿಸುವುದೂ ಚೆಂದವಲ್ಲ. ಡಿಗ್ರಿ ಮುಂದುವರಿಸಬೇಕಾ, ಪೊಲೀಸ್ ಪರೀಕ್ಷೆಗೆ ಕೂರಬೇಕಾ, ಆ ದುಡ್ಡನ್ನು ಬ್ಯಾಂಕಿನಲ್ಲಿಡಬೇಕಾ ಹಸು ಕಟ್ಟಬೇಕಾ ಅಂತ ಅವನು ತಲೆ ಕೆರೆದುಕೊಳ್ಳುವಾಗ ಜೊತೆಗೆ ಕೂರುವವರು ಬೇಕು. ಆ ದುಡ್ಡಿನ ವಾಸನೆ ಹಿಡಿದು ಸೈಟ್ ಬ್ರೋಕರುಗಳು, ಚೀಟಿ ನಡೆಸುವವರು ಅವನಿಗಿಂತ ಮೊದಲೇ ಮನೆಯಲ್ಲಿ ಕೂತಿರುತ್ತಾರೆ.

ಹೋದ ವರ್ಷಗಳಲ್ಲಿ ನಿಮ್ಮ ಹೈಸ್ಕೂಲಿನಿಂದ ಸೇನೆಗೆ ಯಾರು ಯಾರು ಹೋದರು ಅಂತ ಇವತ್ತೇ ಒಂದು ಪಟ್ಟಿ ಮಾಡಿ, ಫೋನು ಮಾಡಿ. ನಿಮ್ಮ ಕ್ರಿಕೆಟ್ ಟೀಮಿನ ವಾಟ್ಸಾಪ್ ಗುಂಪಿನಿಂದ, ಆಡಲು ಬರುವುದಿಲ್ಲವಲ್ಲ ಅಂತ ಅವರನ್ನು ತೆಗೆದಿದ್ದರೆ, ಅದಕ್ಕೂ ಮುಂಚೆ ಮತ್ತೆ ಸೇರಿಸಿ.